ತೈಲಬಾವಿಯ ತಂತ್ರ, ಕೊಳವೆಬಾವಿಯ ನೀರು: ನಾಗಮಂಗಲದ ಬಂಡೆನೆಲದಲ್ಲಿ ಸ್ವಯಂಚಾಲನೆಯ ಲೆಕ್ಕಾಚಾರ

ನಾಗಮಂಗಲ: ಭೂಗರ್ಭದಿಂದ ದ್ರವವನ್ನು ಮೇಲೆತ್ತುವ ಕಸುಬಿನಲ್ಲಿ ತೈಲೋದ್ಯಮ ನೂರು ವರ್ಷಗಳಿಗೂ ಮಿಗಿಲಾಗಿ ಕಲಿತ ಪಾಠವೊಂದಿದೆ. ಬಾವಿಯೊಳಕ್ಕೆ ಒಸರಿ ಬರುವುದಕ್ಕಿಂತ ಹೆಚ್ಚನ್ನು ಹೊರಕ್ಕೆ ಎಳೆಯಲು ಹೊರಟರೆ ಯಂತ್ರವೂ ಕೆಡುತ್ತದೆ, ಬಾವಿಯೂ ಕೆಡುತ್ತದೆ. ಈ ಕಾರಣಕ್ಕಾಗಿಯೇ ತೈಲಬಾವಿಗಳಿಗೆ ಮಾಪಕಗಳು, ನಿಯಂತ್ರಕಗಳು, ದೂರದಿಂದಲೇ ನಿಗಾ ಇಡುವ ವ್ಯವಸ್ಥೆಗಳು ಬಂದವು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ತೈಲವಿಲ್ಲ, ಇರುವುದು ಕೊಳವೆಬಾವಿ. ಆದರೆ ಅದರೊಳಗೆ ಇಳಿಬಿಟ್ಟಿರುವ ಸಬ್‌ಮರ್ಸಿಬಲ್ ಪಂಪ್ ತೈಲಬಾವಿಯ ಪಂಪಿನ ಹತ್ತಿರದ ಬಂಧು, ಎದುರಿಸುತ್ತಿರುವ ಸಮಸ್ಯೆಯೂ ಬಹುಮಟ್ಟಿಗೆ ಅದೇ. ಪಂಪಿನ ಜೊತೆಗೆ ಬರಬೇಕಾಗಿದ್ದ ಮಾಪಕವೊಂದು ಮಾತ್ರ ಇಲ್ಲಿಗೆ ಬರಲಿಲ್ಲ.

ಸಬ್‌ಮರ್ಸಿಬಲ್ ಪಂಪಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ರಷ್ಯಾದಲ್ಲಿ ಕೆಲಸ ಆರಂಭಿಸಿ ಅಮೆರಿಕಕ್ಕೆ ವಲಸೆ ಹೋದ ಅರ್ಮೈಸ್ ಅರುಟುನಾಫ್ ಎಂಬ ಎಂಜಿನಿಯರ್, ನೀರಿನಲ್ಲೋ ತೈಲದಲ್ಲೋ ಮುಳುಗಿಕೊಂಡೇ ತಿರುಗುವ ವಿದ್ಯುತ್ ಮೋಟಾರನ್ನು ರೂಪಿಸಿದರು. 1920ರ ದಶಕದ ಕೊನೆಯ ವೇಳೆಗೆ ಅದು ಅಲ್ಲಿನ ತೈಲಬಾವಿಗಳಿಗೆ ಇಳಿಯಿತು. ಅವರು ಕಟ್ಟಿದ 'ರೆಡಾ' ಕಂಪನಿಯ ಹೆಸರು ತೈಲಕ್ಷೇತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಉದ್ದನೆಯ, ಕಿರಿದಾದ ಮೋಟಾರು. ಅದರ ಮೇಲೆ ಒಂದರ ಮೇಲೊಂದು ಜೋಡಿಸಿದ ಹಂತಗಳು. ಮೇಲಿನಿಂದ ಇಳಿದುಬರುವ ಕೇಬಲ್. ನಾಗಮಂಗಲ ಪೇಟೆಯ ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ಬಿಚ್ಚಿಹಾಕಿರುವ ಪಂಪಿನ ರಚನೆಯೂ ಇದೇ.

ತೈಲವೇಕಿಲ್ಲ, ನೀರೇಕೆ ಕಡಿಮೆ?

ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯ ಹೆಸರು ತೈಲ ಭೂಪಟದಲ್ಲೂ ಇದೆ ಎಂಬುದು ಹಲವರಿಗೆ ತಿಳಿದಿರಲಾರದು. ನದಿಯು ಸಮುದ್ರ ಸೇರುವ ತಮಿಳುನಾಡಿನ ಮುಖಜ ಭೂಮಿಯ ಅಡಿಯಲ್ಲಿ ದಪ್ಪನಾದ ಜಲಜಶಿಲೆಯ ಪದರಗಳಿವೆ. 'ಕಾವೇರಿ ಬೇಸಿನ್' ಎಂದು ಕರೆಯಲಾಗುವ ಆ ಪ್ರದೇಶದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು (ಒಎನ್‌ಜಿಸಿ) ತೈಲ ಹಾಗೂ ಅನಿಲವನ್ನು ಹೊರತೆಗೆಯುತ್ತ ಬಂದಿದೆ. ಅಲ್ಲಿನ ಭತ್ತದ ಬೆಳೆಗಾರರ ವಿರೋಧದ ನಂತರ 2020ರಲ್ಲಿ ತಮಿಳುನಾಡು ಸರ್ಕಾರವು ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರುವ ಕಾನೂನು ತಂದು, ಹೊಸ ಕೊರೆತಗಳಿಗೆ ತಡೆ ಹಾಕಿತು. ನದಿಯ ಕೆಳದಂಡೆಯಲ್ಲಿ ತೈಲವಿದ್ದು ಮೇಲ್ದಂಡೆಯಲ್ಲಿ ಇಲ್ಲದಿರುವುದಕ್ಕೆ ಕಾರಣ ಶಿಲೆ. ಮಂಡ್ಯ ಜಿಲ್ಲೆಯ ಅಡಿಪಾಯ 250 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಮತ್ತು ಗ್ರಾನೈಟ್. ನಾಗಮಂಗಲದ ಹೆಸರನ್ನೇ ಹೊತ್ತ ಶಿಸ್ಟ್ ಶಿಲಾಪಟ್ಟಿಯೊಂದು ಇದರ ನಡುವೆ ಹಾದುಹೋಗಿದೆ. ಇಂತಹ ಸ್ಫಟಿಕಶಿಲೆಯಲ್ಲಿ ತೈಲ ಹುಟ್ಟುವುದಿಲ್ಲ, ನೀರೂ ಹೆಚ್ಚಾಗಿ ನಿಲ್ಲುವುದಿಲ್ಲ.

ಮರಳುಗಲ್ಲಿನಲ್ಲಿ ಕಣಕಣಗಳ ನಡುವೆ ನೀರು ತುಂಬಿಕೊಂಡಿರುತ್ತದೆ. ಕಲ್ಲುಬಂಡೆಯಲ್ಲಿ ಹಾಗಲ್ಲ. ಮೇಲೆ ಹತ್ತಿಪ್ಪತ್ತು ಮೀಟರ್ ದಪ್ಪದ ಶಿಥಿಲ ಪದರವಿರುತ್ತದೆ, ಅದೇ ತೊಟ್ಟಿ. ಅದರ ಕೆಳಗೆ ಗಟ್ಟಿ ಬಂಡೆಯಲ್ಲಿ ಅಲ್ಲಲ್ಲಿ ಸೀಳುಗಳಿರುತ್ತವೆ; ಅವು ಕೊಳಾಯಿ. ತೊಟ್ಟಿ ಬರಿದಾದ ಮೇಲೆ ಎಷ್ಟು ಕೊಳಾಯಿ ಹುಡುಕಿದರೇನು? ಆಳಕ್ಕೆ ಹೋದಂತೆ ಸೀಳುಗಳು ವಿರಳವಾಗುತ್ತವೆ, ಸಿಕ್ಕರೂ ಬಿಗಿದುಕೊಂಡಿರುತ್ತವೆ. ಸಾವಿರ ಅಡಿ ಕೊರೆದರೂ ದೂಳು ಮಾತ್ರ ಹಾರಿದ ಉದಾಹರಣೆ ಈ ಭಾಗದ ಪ್ರತಿ ಊರಿನಲ್ಲೂ ಸಿಗುತ್ತದೆ.

ಜಿಲ್ಲೆಯ ದಕ್ಷಿಣದ ತಾಲ್ಲೂಕುಗಳಿಗಿರುವ ಅದೃಷ್ಟ ನಾಗಮಂಗಲಕ್ಕಿಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬು–ಭತ್ತದ ಬಯಲಿಗೆ ಹರಿಯುತ್ತದೆ. ಎತ್ತರದ ನೆಲವಾದ ನಾಗಮಂಗಲಕ್ಕೆ ಅದು ಹತ್ತುವುದಿಲ್ಲ. ಹೇಮಾವತಿಯ ನಾಗಮಂಗಲ ಶಾಖಾ ನಾಲೆ ತಾಲ್ಲೂಕಿನ ಕೆಲವು ಭಾಗವನ್ನು ಮುಟ್ಟುತ್ತದೆ. ಉಳಿದಂತೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಕೆರೆಗಳು ಮತ್ತು ಕೊಳವೆಬಾವಿ. ರಾಗಿ, ಹುರುಳಿ ಮಳೆಗೆ ಬಿಟ್ಟದ್ದು. ತೆಂಗು, ಹಿಪ್ಪುನೇರಳೆ, ತರಕಾರಿ ಕೊಳವೆಬಾವಿಯನ್ನು ನಂಬಿದವು. ಬಿಂಡಿಗನವಿಲೆ, ಹೊಣಕೆರೆ, ದೇವಲಾಪುರ, ಬೆಳ್ಳೂರು ಹೋಬಳಿಗಳಲ್ಲಿ ಒಂದು ಬೋರ್ 'ಫೇಲ್' ಆಯಿತೆಂದರೆ ಅದು ಒಂದು ಕುಟುಂಬದ ಸಾಲದ ಕಥೆಯ ಆರಂಭವೂ ಹೌದು.

ಲೆಕ್ಕವೊಂದು ಮಾಡಿ ನೋಡಿದರೆ

ತೈಲ ಎಂಜಿನಿಯರ್ ಬಾವಿಯ ಬಳಿ ಬಂದರೆ ಮೊದಲು ಕೇಳುವುದು ಮೂರೇ ಪ್ರಶ್ನೆ. ಪಂಪ್ ನಿಂತಾಗ ದ್ರವದ ಮಟ್ಟ ಎಲ್ಲಿರುತ್ತದೆ? ಓಡುವಾಗ ಎಲ್ಲಿಗೆ ಇಳಿಯುತ್ತದೆ? ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಏರುತ್ತದೆ? ಈ ಮೂರಕ್ಕೂ ಉತ್ತರ ಗೊತ್ತಿರುವ ಕೊಳವೆಬಾವಿ ಮಾಲೀಕರು ವಿರಳ. ನಮ್ಮಲ್ಲಿ ಗೊತ್ತಿರುವುದು 'ಎಷ್ಟು ಇಂಚು ನೀರು' ಎಂಬುದೊಂದೇ.

ಆ ಇಂಚಿನ ಲೆಕ್ಕದಲ್ಲೂ ದೊಡ್ಡದೊಂದು ತಪ್ಪುಗ್ರಹಿಕೆಯಿದೆ. ಬೋರ್ ಕೊರೆದ ದಿನ ಲಾರಿಯವರು ತಗಡಿನ 'ವಿ' ಆಕಾರದ ಕಂಡಿಯಲ್ಲಿ ನೀರು ಹರಿಸಿ ಅದರ ಎತ್ತರ ಅಳೆಯುತ್ತಾರೆ. ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟು ಎಂದು ಬಹುತೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ 90 ಡಿಗ್ರಿಯ ಕಂಡಿಯಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಸುಮಾರು 8,000 ಲೀಟರ್. ಎರಡೂವರೆ ಇಂಚು ಇದ್ದದ್ದು ಎರಡಕ್ಕೆ ಇಳಿದರೆ 'ಅರ್ಧ ಇಂಚು ತಾನೆ' ಎನ್ನುವಂತಿಲ್ಲ. ಸುಮಾರು ಶೇ 40ಕ್ಕೂ ಹೆಚ್ಚು ನೀರು ಕಳೆದುಹೋಗಿರುತ್ತದೆ. ಅಲ್ಲದೆ, ಕೊರೆದ ದಿನ ಗಾಳಿಯ ಒತ್ತಡದಿಂದ ಚಿಮ್ಮಿಸಿದ ನೀರು ಬೇಸಿಗೆಯ ಏಪ್ರಿಲ್‌ನಲ್ಲಿ ಬರುವ ನೀರಿಗೆ ಪ್ರಮಾಣವಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 500 ಅಡಿಯಿಂದ, ಅಂದರೆ ಸುಮಾರು 150 ಮೀಟರ್ ಆಳದಿಂದ, ಸೆಕೆಂಡಿಗೆ 2 ಲೀಟರ್ ನೀರು ಎತ್ತಬೇಕು. ನೀರನ್ನು ಎತ್ತಲು ಮಾತ್ರ ಬೇಕಾಗುವ ಶಕ್ತಿ 3 ಕಿಲೋವಾಟ್‌ಗೆ ಸ್ವಲ್ಪ ಕಡಿಮೆ. ಪಂಪು, ಮೋಟಾರು ಸೇರಿ ಅರ್ಧದಷ್ಟು ದಕ್ಷತೆ ಇದೆ ಎಂದುಕೊಂಡರೆ ತಂತಿಯಿಂದ ಎಳೆಯುವುದು ಸುಮಾರು 6 ಕಿಲೋವಾಟ್. ಆದ್ದರಿಂದಲೇ ಇಂತಹ ಬಾವಿಗೆ ಏಳೂವರೆ ಅಶ್ವಶಕ್ತಿಯ ಮೋಟಾರು ಇಳಿಸುತ್ತಾರೆ. ಏಳು ಗಂಟೆ ಓಡಿದರೆ 50 ಸಾವಿರ ಲೀಟರ್ ನೀರು, ಸುಮಾರು 40 ಯೂನಿಟ್ ವಿದ್ಯುತ್. ಇದು ಬಾವಿಗೆ ಒಳಗಿನಿಂದಲೂ ಸೆಕೆಂಡಿಗೆ 2 ಲೀಟರ್ ಬರುತ್ತಿದ್ದರೆ ಮಾತ್ರ.

ಬೇಸಿಗೆಯಲ್ಲಿ ಒಳಹರಿವು 1 ಲೀಟರಿಗೆ ಇಳಿಯಿತೆನ್ನಿ. ಆರೂವರೆ ಇಂಚಿನ ಕೊಳವೆಬಾವಿಯ ಒಂದು ಮೀಟರ್ ಉದ್ದದಲ್ಲಿ ನಿಲ್ಲುವ ನೀರು ಸುಮಾರು 21 ಲೀಟರ್. ಪಂಪಿನ ಮೇಲೆ 50 ಮೀಟರ್ ನೀರು ನಿಂತಿದ್ದರೂ ಒಟ್ಟು ದಾಸ್ತಾನು ಸುಮಾರು ಒಂದು ಸಾವಿರ ಲೀಟರ್, ಮನೆಯ ಮಾಳಿಗೆಯ ಮೇಲಿನ ಒಂದು ಪ್ಲಾಸ್ಟಿಕ್ ಟ್ಯಾಂಕಿನಷ್ಟು. ಒಳಕ್ಕೆ 1 ಲೀಟರ್, ಹೊರಕ್ಕೆ 2 ಲೀಟರ್ ಎಂದಾದರೆ ಈ ದಾಸ್ತಾನು ಹದಿನೆಂಟು ನಿಮಿಷದೊಳಗೆ ಖಾಲಿ. ಅನಂತರ ಪಂಪು ಗಾಳಿ ಎಳೆಯುತ್ತದೆ. ಮೋಟಾರನ್ನು ತಂಪಾಗಿಡುವುದು ಸುತ್ತ ಹರಿಯುವ ನೀರೇ ಆದ್ದರಿಂದ, ನೀರು ತಪ್ಪಿದ ಮೋಟಾರು ಬಿಸಿಯೇರಿ ಸುಡುತ್ತದೆ. ಕೊಳವೆ ಎತ್ತಿಸಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ರೈತನು ಇದನ್ನು 'ವೋಲ್ಟೇಜ್ ಪ್ರಾಬ್ಲಂ' ಎಂದುಕೊಂಡು ಸುಮ್ಮನಾಗುತ್ತಾನೆ. ವೋಲ್ಟೇಜ್ ಕೂಡ ಕಾರಣವಿರಬಹುದು. ಆದರೆ ಎಷ್ಟೋ ಸಲ ಮೋಟಾರು ಸತ್ತದ್ದು ಬಾಯಾರಿಕೆಯಿಂದ.

ತೈಲದವರು ಕಂಡುಕೊಂಡ ಪರಿಹಾರ

ಒಳಹರಿವು ಕಡಿಮೆಯಾದ ತೈಲಬಾವಿಗಳಲ್ಲೂ ಇದೇ ಆಗುತ್ತದೆ. ಕತ್ತೆಯ ತಲೆಯಂತೆ ಮೇಲೆ ಕೆಳಗೆ ಆಡುವ ಹಳೆಯ ತೈಲಪಂಪುಗಳ ದಂಡಕ್ಕೆ ಭಾರಮಾಪಕ ಕಟ್ಟಿ, ಪ್ರತಿ ಏರಿಳಿತದ ನಕ್ಷೆ ತೆಗೆಯುವ ಪದ್ಧತಿ ಅಲ್ಲಿ ಬಹಳ ಹಿಂದೆಯೇ ಬಂದಿತು. ನಕ್ಷೆಯ ಆಕಾರ ನೋಡಿದರೆ ಪಂಪಿನ ಕೊಳವೆ ಪೂರ್ತಿ ತುಂಬಿದೆಯೋ ಅರೆಬರೆ ತುಂಬಿದೆಯೋ ತಿಳಿಯುತ್ತದೆ. ಅರೆಬರೆ ಎಂದು ಕಂಡ ಕೂಡಲೇ ನಿಯಂತ್ರಕವು ಪಂಪನ್ನು ನಿಲ್ಲಿಸಿ, ಬಾವಿ ತುಂಬಿಕೊಳ್ಳಲು ಕಾಲ ಕೊಟ್ಟು, ಮತ್ತೆ ತಾನೇ ಚಾಲೂ ಮಾಡುತ್ತದೆ. ಮನುಷ್ಯ ಬಾವಿಯ ಬಳಿ ನಿಲ್ಲಬೇಕಾಗಿಲ್ಲ. ಸಬ್‌ಮರ್ಸಿಬಲ್ ಪಂಪುಗಳಿರುವ ಬಾವಿಗಳಲ್ಲಿ ಮೋಟಾರಿನ ಕೆಳಗೇ ಒತ್ತಡ ಹಾಗೂ ಉಷ್ಣತೆಯ ಮಾಪಕವಿರುತ್ತದೆ; ವೇಗ ಬದಲಿಸುವ ಡ್ರೈವ್ ಒಳಹರಿವಿಗೆ ತಕ್ಕಂತೆ ಪಂಪನ್ನು ನಿಧಾನಿಸುತ್ತದೆ. ನೂರಾರು ಬಾವಿಗಳ ಮಾಹಿತಿ ಒಂದೇ ಕೊಠಡಿಯ ಪರದೆಗೆ ಬರುತ್ತದೆ.

ಈ ಪೈಕಿ ಕೊಳವೆಬಾವಿಗೆ ಒಗ್ಗುವುದು ಯಾವುದು? ಭಾರಮಾಪಕ ಬೇಡ, ಆಳದ ಒತ್ತಡಮಾಪಕದ ವೆಚ್ಚ ಸಣ್ಣ ರೈತನಿಗೆ ಹೊರೆ. ಆದರೆ ಬಾವಿಯೊಳಗಿನ ಸ್ಥಿತಿಯನ್ನು ಹೇಳುವ ಒಂದು ಸಾಧನ ಈಗಾಗಲೇ ಬಹುತೇಕ ಪ್ಯಾನಲ್ ಬೋರ್ಡ್‌ಗಳಲ್ಲಿದೆ, ಅದು ಆಂಪಿಯರ್ ಮೀಟರ್. ನೀರಿದ್ದಾಗ ಮೋಟಾರು ಎಳೆಯುವ ಪ್ರವಾಹ ಒಂದು ಮಟ್ಟದಲ್ಲಿರುತ್ತದೆ. ನೀರು ತಪ್ಪಿದ ಕೂಡಲೇ ಹೊರೆ ಕಡಿಮೆಯಾಗಿ ಮುಳ್ಳು ಕೆಳಗಿಳಿಯುತ್ತದೆ, ನಡುಗುತ್ತದೆ. ಈ ಇಳಿತವನ್ನು ಗುರುತಿಸಿ ಮೋಟಾರನ್ನು ನಿಲ್ಲಿಸುವ 'ಡ್ರೈ ರನ್' ರಿಲೇಗಳು ಮಾರುಕಟ್ಟೆಯಲ್ಲಿವೆ. ಅದಕ್ಕೆ ಟೈಮರ್ ಸೇರಿದರೆ ತೈಲದವರ ನಿಯಂತ್ರಕದ ಬಡ ತಮ್ಮ ಸಿದ್ಧ. ಮೂರು ಫೇಸ್‌ಗಳಲ್ಲಿ ಒಂದು ತಪ್ಪಿದರೆ ಕಡಿತಗೊಳಿಸುವ ಪ್ರಿವೆಂಟರ್ ಕೂಡ ಇದ್ದರೆ ಮೋಟಾರು ಸುಡುವ ಕಾರಣಗಳಲ್ಲಿ ಬಹುಪಾಲು ತಪ್ಪಿದಂತೆ. ವಿಷಾದದ ಸಂಗತಿಯೆಂದರೆ, ಎರಡೇ ಫೇಸ್ ಬಂದಾಗಲೂ ಕಂಡೆನ್ಸರ್ ಹಾಕಿ ಓಡಿಸುವ ಅಭ್ಯಾಸವಿರುವ ಕಡೆ ಈ ಪ್ರಿವೆಂಟರ್‌ನ ತಂತಿಯನ್ನೇ ಮೊದಲು ಕಿತ್ತುಹಾಕುತ್ತಾರೆ.

ವೇಗ ಬದಲಿಸುವ ಡ್ರೈವ್ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮಾರಾಟಗಾರರು ಹೇಳುವಷ್ಟು ಸರಳವಾಗಿ ಅದು ಆಳದ ಬೋರ್‌ಗೆ ಒಗ್ಗುವುದಿಲ್ಲ. ಪಂಪಿನ ವೇಗ ಶೇ 10ರಷ್ಟು ಇಳಿದರೆ ಅದು ನೀರೆತ್ತಬಲ್ಲ ಎತ್ತರ ಶೇ 19ರಷ್ಟು ಇಳಿಯುತ್ತದೆ. ಆಳವೇ ಹೆಚ್ಚಿರುವಲ್ಲಿ ವೇಗವನ್ನು ಸ್ವಲ್ಪ ತಗ್ಗಿಸಿದರೂ ಮೋಟಾರು ತಿರುಗುತ್ತದೆ, ನೀರು ಮೇಲೆ ಬರುವುದಿಲ್ಲ. ಹಾಗೆಯೇ ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಚಾಲೂ ಮಾಡುವುದೂ ಒಳಿತಲ್ಲ. ಪ್ರತಿ ಆರಂಭದಲ್ಲೂ ಮೋಟಾರಿಗೆ ಐದಾರು ಪಟ್ಟು ಪ್ರವಾಹದ ಏಟು ಬೀಳುತ್ತದೆ. ಇಂತಹ ಬಾವಿಗೆ ನಿಜವಾದ ಮದ್ದು ಎಂದರೆ ಕಡಿಮೆ ನೀರಿನ, ಹೆಚ್ಚು ಹಂತಗಳ ಸಣ್ಣ ಪಂಪು. ಅದರ ನೀರನ್ನು ಕೃಷಿ ಹೊಂಡದಲ್ಲಿ ಕೂಡಿಸಿಕೊಂಡು ಹನಿ ನೀರಾವರಿಗೆ ಬಿಡುವುದು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಮಳೆನೀರಿಗಾಗಿ ತೋಡಿದವಾದರೂ ಈ ಕೆಲಸಕ್ಕೂ ಆಗುತ್ತವೆ. ನೆರೆಹೊಲದವನು ಹತ್ತು ಅಶ್ವಶಕ್ತಿ ಇಳಿಸಿರುವಾಗ ತಾನು ಐದಕ್ಕೆ ಇಳಿಯಲು ಯಾರು ಒಪ್ಪುತ್ತಾರೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದಕ್ಕೆ ಮುಂದೆ ಬರೋಣ.

ಮೊಬೈಲ್ ಸ್ಟಾರ್ಟರ್ ಮತ್ತು ಆಟೊ ಸ್ಟಾರ್ಟರ್

ಹೆಸರಿನಲ್ಲಿ ಹತ್ತಿರವಿದ್ದರೂ ಇವೆರಡೂ ಬೇರೆಬೇರೆ. ಮೊಬೈಲ್ ಸ್ಟಾರ್ಟರ್ ಎಂದರೆ ಮನೆಯಲ್ಲಿ ಕುಳಿತು ಫೋನ್ ಮೂಲಕ ಮೋಟಾರು ಹಾಕುವ, ಆರಿಸುವ ಸಾಧನ. ಪುಣೆಯ ಸಂತೋಷ್ ಓಸ್ತ್ವಾಲ್ ಅವರು ರೂಪಿಸಿದ 'ನ್ಯಾನೊ ಗಣೇಶ್' ಈ ಬಗೆಯ ಸಾಧನಗಳಲ್ಲಿ ಮೊದಲಿನದ್ದಾಗಿ ಹೆಸರು ಮಾಡಿತು. 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಬಂದಿತು. ಬೆಂಗಳೂರಿನಿಂದ 'ಕಿಸಾನ್ ರಾಜ' ಎಂಬ ಸಾಧನ ಬಂದಿತು. ಈಗ ಹಲವು ಕಂಪನಿಗಳ ಪೆಟ್ಟಿಗೆಗಳು ಪೇಟೆಯಲ್ಲಿವೆ. ಒಂದು ಸಿಮ್ ಕಾರ್ಡ್, ಸ್ಟಾರ್ಟರ್‌ಗೆ ಜೋಡಿಸಿದ ಒಂದು ಪೆಟ್ಟಿಗೆ. ವಿದ್ಯುತ್ ಬಂದಿದೆಯೇ, ಮೂರೂ ಫೇಸ್ ಇವೆಯೇ, ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದನ್ನು ಅದು ಸಂದೇಶದ ಮೂಲಕ ತಿಳಿಸುತ್ತದೆ.

ಇದರ ಬೆಲೆ ತಿಳಿಯಬೇಕಾದರೆ ರಾತ್ರಿ ಪಾಳಿಯ ವಿದ್ಯುತ್ತನ್ನು ನೆನೆಯಬೇಕು. ಕೃಷಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸ್ ವಿದ್ಯುತ್ ಎಂಬುದು ರಾಜ್ಯದ ಘೋಷಿತ ನೀತಿ. ಅದನ್ನು ಹಗಲು–ರಾತ್ರಿಯ ಪಾಳಿಗಳಲ್ಲಿ ಹಂಚಿದಾಗ ಅರ್ಧರಾತ್ರಿಯಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕಾಗುತ್ತದೆ. ಹಾವಿನ ಭಯ ಹಳೆಯದು. ನಾಗಮಂಗಲ, ಪಾಂಡವಪುರದ ಕಡೆ ಈಗ ಚಿರತೆಯ ಭಯವೂ ಸೇರಿದೆ. ಹೀಗಿರುವಾಗ ಮನೆಯಿಂದಲೇ ಮೋಟಾರು ಹಾಕುವ ಅನುಕೂಲವನ್ನು ಐಷಾರಾಮ ಎನ್ನಲಾಗದು.

ಆಟೊ ಸ್ಟಾರ್ಟರ್ ಕಥೆ ಬೇರೆ. ವಿದ್ಯುತ್ ಬಂದ ತಕ್ಷಣ ಯಾರನ್ನೂ ಕೇಳದೆ ಮೋಟಾರು ಓಡಿಸುವುದಷ್ಟೇ ಅದರ ಕೆಲಸ. ಹೊಲಕ್ಕೆ ನೀರು ಬೇಕೋ ಬೇಡವೋ, ಬಾವಿಯಲ್ಲಿ ನೀರಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಸೇರಿದ ಹತ್ತು ಪಂಪುಗಳಲ್ಲೂ ಆಟೊ ಸ್ಟಾರ್ಟರ್ ಇದ್ದರೆ, ವಿದ್ಯುತ್ ಮರಳಿದ ಕ್ಷಣದಲ್ಲಿ ಹತ್ತೂ ಒಟ್ಟಿಗೆ ಎದ್ದು ಐದಾರು ಪಟ್ಟು ಪ್ರವಾಹ ಎಳೆಯುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಟಿ.ಸಿ. ಸುಡುತ್ತದೆ. ಸುಟ್ಟ ಟಿ.ಸಿ. ಬದಲಾಗುವವರೆಗೆ ಹತ್ತೂ ಹೊಲ ಒಣಗುತ್ತವೆ. ವಿದ್ಯುತ್ ಕಂಪನಿಗಳು ಆಟೊ ಸ್ಟಾರ್ಟರ್ ತೆಗೆಯಿರಿ ಎಂದು ಹೇಳುತ್ತಲೇ ಬಂದಿವೆ. ಬೇರೆಬೇರೆ ಪಂಪುಗಳಿಗೆ ಬೇರೆಬೇರೆ ಸೆಕೆಂಡುಗಳ ವಿಳಂಬ ಇಟ್ಟರೂ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಆದರೆ ಹತ್ತು ಮಂದಿ ಕುಳಿತು ಮಾತನಾಡಿ ನಿಗದಿ ಮಾಡಿಕೊಳ್ಳಬೇಕು. ಯಂತ್ರವನ್ನು ಅಂಗಡಿಯಿಂದ ತರಬಹುದು, ಒಪ್ಪಂದವನ್ನು ತರಲಾಗದು.

ದೂರದಿಂದ ಚಾಲೂ ಆಗುವ ಯಾವುದೇ ಮೋಟಾರಿನ ಅಪಾಯವೊಂದನ್ನು ಇಲ್ಲಿ ಹೇಳಲೇಬೇಕು. ಹೊಲದಲ್ಲಿ ಒಬ್ಬರು ಕೇಬಲ್ ಮುಟ್ಟುತ್ತಿರುವಾಗ ಮನೆಯಿಂದ ಇನ್ನೊಬ್ಬರು ಫೋನ್ ಒತ್ತಿದರೆ ಹೋಗುವುದು ಪ್ರಾಣ. ಪೆಟ್ಟಿಗೆಯನ್ನು ಎಷ್ಟೇ ನಂಬಿದರೂ, ಕೈಯಿಡುವ ಮೊದಲು ಮೇನ್ ಸ್ವಿಚ್ ಇಳಿಸಿ ಫ್ಯೂಸ್ ಕಳಚಿ ಜೇಬಿನಲ್ಲಿಟ್ಟುಕೊಳ್ಳುವ ಹಳೆಯ ರೂಢಿಯನ್ನು ಬಿಡಬಾರದು.

ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನ ಬೋರ್‌ಗಳಲ್ಲಿ ಸ್ವಯಂಚಾಲನೆಯ ಲಾಭ ಇನ್ನೂ ನೇರ. ಓವರ್‌ಹೆಡ್ ಟ್ಯಾಂಕ್ ತುಂಬಿ ಚರಂಡಿಗೆ ಹರಿಯುವುದು ನಿತ್ಯದ ದೃಶ್ಯ. ಟ್ಯಾಂಕಿನಲ್ಲೊಂದು ಫ್ಲೋಟ್ ಸ್ವಿಚ್, ಬೋರ್‌ನಲ್ಲೊಂದು ಡ್ರೈ ರನ್ ರಿಲೇ ಇದ್ದರೆ ಸಾಕು. ನೀರುಗಂಟಿಯ ಕೆಲಸ ಹೋಗುವುದಿಲ್ಲ. ಮೂರು ಊರಿನ ಮೋಟಾರುಗಳ ನಡುವೆ ಆತ ಸೈಕಲ್ ತುಳಿಯುವುದು ಕಡಿಮೆಯಾಗುತ್ತದೆ.

ಈ ನೆಲಕ್ಕೆ ಹೊಸದಲ್ಲ

ಸ್ವಯಂಚಾಲನೆ ಎಂದರೆ ಸಿಮ್ ಕಾರ್ಡಿನ ಕಾಲದ ಮಾತೆಂದು ಭಾವಿಸಬೇಕಾಗಿಲ್ಲ. ನೀರಿನ ಮಟ್ಟ ನಿಗದಿತ ಎತ್ತರ ಮುಟ್ಟಿದಾಗ ಮನುಷ್ಯನ ಕೈ ಸೋಕದೆ ತೆರೆದುಕೊಳ್ಳುವ, ಇಳಿದಾಗ ಮುಚ್ಚಿಕೊಳ್ಳುವ ಗೇಟುಗಳನ್ನು ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ್ದರು. ಅದೇ ತತ್ತ್ವದ ಗೇಟುಗಳು ಮುಂದೆ ಶ್ರೀರಂಗಪಟ್ಟಣ–ಪಾಂಡವಪುರ ಸೀಮೆಯ ಕೃಷ್ಣರಾಜಸಾಗರಕ್ಕೂ ಬಂದವು. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ಮಿತಿ ಮೀರಿದಾಗ ತಾವೇ ಎಳೆದು ಹೊರಹಾಕುತ್ತವೆ. ಈಚಿನ ಉದಾಹರಣೆ ಬೇಕೆಂದರೆ ಯಾದಗಿರಿ ಕಡೆಯ ನಾರಾಯಣಪುರ ಎಡದಂಡೆ ನಾಲೆ. ಗೇಟುಗಳನ್ನು ದೂರನಿಯಂತ್ರಣಕ್ಕೆ ತಂದ ಆ ಆಧುನೀಕರಣ ಯೋಜನೆಯನ್ನು 2023ರ ಜನವರಿಯಲ್ಲಿ ಲೋಕಾರ್ಪಣೆ ಮಾಡಲಾಯಿತು. ಮೇಲ್ಮೈ ನೀರಿಗೆ ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದ ನಾಡು ಅಂತರ್ಜಲದ ವಿಷಯದಲ್ಲಿ ಕಣ್ಣು ಕಟ್ಟಿಕೊಂಡೇ ನಡೆದಿದೆ.

ಮಾಪನವೇ ಇಲ್ಲ ಎಂದಲ್ಲ. ಕೇಂದ್ರೀಯ ಅಂತರ್ಜಲ ಮಂಡಳಿಯು ವರ್ಷಕ್ಕೆ ನಾಲ್ಕು ಬಾರಿ ವೀಕ್ಷಣಾ ಬಾವಿಗಳ ಮಟ್ಟ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೂ ತನ್ನದೇ ಅಧ್ಯಯನ ಬಾವಿಗಳಿವೆ. ರಾಷ್ಟ್ರೀಯ ಜಲವಿಜ್ಞಾನ ಯೋಜನೆಯಡಿ ದಿನಕ್ಕೆ ಹಲವು ಬಾರಿ ತಾವೇ ಅಳೆದು ಮಾಹಿತಿ ಕಳುಹಿಸುವ ಡಿಜಿಟಲ್ ಮಾಪಕಗಳು ಬಂದಿವೆ. ಬಳಕೆಯು ಮರುಪೂರಣದ ಶೇ 70ರೊಳಗಿದ್ದರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ದಾಟಿದರೆ ಅತಿಬಳಕೆ ಎಂದು ತಾಲ್ಲೂಕುಗಳನ್ನು ವಿಂಗಡಿಸುವುದು ಇಂತಹ ಅಳತೆಗಳಿಂದಲೇ. ಆದರೆ ಇದು ತಾಲ್ಲೂಕಿನ ಸರಾಸರಿ. ಒಂದು ಸೀಳಿನಲ್ಲಿ ನೀರಿದ್ದು ಇನ್ನೂರು ಅಡಿ ದೂರದ ಇನ್ನೊಂದರಲ್ಲಿ ಇಲ್ಲದ ನೆಲದಲ್ಲಿ ಸರಾಸರಿಯಿಂದ ರೈತನಿಗೆ ಸಿಗುವ ಸಹಾಯ ಅಲ್ಪ.

ಹತ್ತಿರದಿಂದ ಅಳೆದರೆ ಏನು ಕಾಣುತ್ತದೆ ಎಂಬುದಕ್ಕೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಉತ್ತಮ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಫ್ರೆಂಚ್ ಸಂಸ್ಥೆಗಳೊಂದಿಗೆ ಅಲ್ಲಿನ ಕಿರುಜಲಾನಯನದ ನೂರಾರು ಬಾವಿಗಳ ಮಟ್ಟವನ್ನು ವರ್ಷಗಳಿಂದ ಗಮನಿಸಿದೆ. ಸಾಮಾನ್ಯವಾಗಿ ಕಣಿವೆಯಲ್ಲಿ ನೀರು ಮೇಲಿರಬೇಕು, ದಿಣ್ಣೆಯಲ್ಲಿ ಆಳದಲ್ಲಿರಬೇಕು. ಅಲ್ಲಿ ಕಂಡದ್ದು ತಿರುಗುಮುರುಗು. ಫಲವತ್ತಾದ ಕಣಿವೆಯಲ್ಲಿ ಮೊದಲು ಬೋರ್ ಕೊರೆದು ದೀರ್ಘಕಾಲ ನೀರೆತ್ತಿದ್ದರಿಂದ ಕಣಿವೆಯ ಅಡಿಯ ನೀರೇ ಹೆಚ್ಚು ಆಳಕ್ಕೆ ಹೋಗಿತ್ತು. ಕೆರೆ ಕೆಳಗಿನ ಜಮೀನಿಗೆ ನೀರಿನ ಚಿಂತೆಯಿಲ್ಲ ಎಂಬ ನಮ್ಮ ಹಳೆಯ ನಂಬಿಕೆಯನ್ನೇ ಇದು ಅಲುಗಿಸುತ್ತದೆ.

ಬಾವಿ ನನ್ನದು, ನೀರು ಯಾರದು?

ಇಲ್ಲಿಗೆ ಬಂದಾಗ ತೈಲಬಾವಿಯ ಹೋಲಿಕೆ ಕೈಕೊಡುತ್ತದೆ. ಮುಂಬೈ ಹೈ ಆಗಲಿ, 2009ರಲ್ಲಿ ಉತ್ಪಾದನೆ ಆರಂಭಿಸಿದ ರಾಜಸ್ಥಾನದ ಮಂಗಳಾ ಕ್ಷೇತ್ರವಾಗಲಿ, ಒಂದು ನಿಕ್ಷೇಪಕ್ಕೆ ಒಬ್ಬನೇ ನಿರ್ವಾಹಕ. ಯಾವ ಬಾವಿಯಿಂದ ಎಷ್ಟು ತೆಗೆಯಬೇಕು, ಯಾವುದನ್ನು ಸುಮ್ಮನಿಡಬೇಕು ಎಂಬುದನ್ನು ಇಡೀ ನಿಕ್ಷೇಪದ ಹಿತದಿಂದ ಆತ ನಿರ್ಧರಿಸುತ್ತಾನೆ. ನಾಗಮಂಗಲದ ಒಂದು ಊರಿನ ಅಡಿಯ ಸೀಳಿಗೆ ನೂರು ಮಾಲೀಕರು.

ತೈಲದವರೂ ಹಿಂದೆ ಹೀಗೆಯೇ ಇದ್ದರು. 1930ರಲ್ಲಿ ಪೂರ್ವ ಟೆಕ್ಸಾಸ್‌ನಲ್ಲಿ ಭಾರಿ ನಿಕ್ಷೇಪ ಸಿಕ್ಕಾಗ, ಎಳೆದವನಿಗೆ ಸೇರಿದ್ದು ಎಂಬ ನಿಯಮದಡಿ ಪಕ್ಕಪಕ್ಕದ ನಿವೇಶನಗಳಲ್ಲಿ ಕೊರೆದು ಹೀರಿದರು. ಭೂಗರ್ಭದ ಒತ್ತಡ ಕುಸಿಯತೊಡಗಿತು, ಬೆಲೆ ಬ್ಯಾರಲ್‌ಗೆ ಕೆಲವೇ ಸೆಂಟ್‌ಗಳಿಗೆ ಬಿತ್ತು. 1931ರ ಆಗಸ್ಟ್‌ನಲ್ಲಿ ಅಲ್ಲಿನ ಗವರ್ನರ್ ಸೈನ್ಯ ಕಳುಹಿಸಿ ಬಾವಿಗಳನ್ನು ಮುಚ್ಚಿಸಬೇಕಾಯಿತು. ಬಾವಿಗೆ ಇಷ್ಟೇ ಎಂಬ ಮಿತಿ ಅನಂತರ ನೆಲೆಗೊಂಡಿತು. ತೈಲಬಾವಿಯ ಮಾಪಕಗಳು ಬೆಲೆ ಪಡೆದದ್ದು ಆ ಮಿತಿಯನ್ನು ಎಲ್ಲರೂ ಒಪ್ಪಿದ ಮೇಲೆ.

ನಮ್ಮಲ್ಲಿ ತನ್ನ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಭೂಮಾಲೀಕನ ಹಕ್ಕಿಗೆ 1882ರ ಭಾರತೀಯ ಸುಖಾಧಿಕಾರ ಅಧಿನಿಯಮದ ಆಸರೆ ಇದೆ. ಕರ್ನಾಟಕವು 2011ರಲ್ಲಿ ಅಂತರ್ಜಲ ನಿಯಂತ್ರಣ ಕಾನೂನು ತಂದು, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಕಡ್ಡಾಯ ಮಾಡಿತು. ಕೊರೆಯುವುದಕ್ಕೆ ಅನುಮತಿ ಕೇಳಬಹುದು. ಕೊರೆದ ಮೇಲೆ ದಿನಕ್ಕೆ ಎಷ್ಟು ಎತ್ತಿದರೆಂದು ಕೇಳಲು ಮೀಟರೇ ಇಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ರಾಜ್ಯದಲ್ಲಿರುವ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಲ್ಲಿ ಬಹುಪಾಲಿನ ಬಳಕೆ ಅಂದಾಜಿನ ಲೆಕ್ಕ. ಮೀಟರ್ ಎಂದ ಕೂಡಲೇ ಬಿಲ್ ಬರುತ್ತದೆಂಬ ಆತಂಕ ರೈತರಿಗೆ. ಅದು ಆಧಾರವಿಲ್ಲದ ಆತಂಕವೂ ಅಲ್ಲ. ಹೀಗಾಗಿ ಉಳಿಸಿದವನಿಗೆ ಏನೂ ಸಿಗುವುದಿಲ್ಲ, ಎಳೆದವನು ಏನೂ ಕಳೆದುಕೊಳ್ಳುವುದಿಲ್ಲ. ಇಂತಹ ಏರ್ಪಾಟಿನಲ್ಲಿ ಸ್ವಯಂಚಾಲನೆ ತಂದರೆ ಬಾವಿ ಬೇಗ ಬರಿದಾಗುವ ಸಾಧ್ಯತೆಯೇ ಹೆಚ್ಚು. ಮೋಟಾರು ಸುಡದಿರುವುದರಿಂದ ಪಂಪು ಹೆಚ್ಚು ಗಂಟೆ ಓಡುತ್ತದೆ!

ದಾರಿಗಳನ್ನು ಹುಡುಕಿದವರಿದ್ದಾರೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ 'ಸೂರ್ಯ ರೈತ' ಯೋಜನೆಯಡಿ ಸುಮಾರು 300 ಪಂಪ್‌ಸೆಟ್‌ಗಳಿಗೆ ಸೌರಫಲಕ ಹಾಕಿ, ಬಳಸದೆ ಉಳಿಸಿದ ವಿದ್ಯುತ್ತನ್ನು ಜಾಲಕ್ಕೆ ಮಾರುವ ಅವಕಾಶ ಕೊಡಲಾಯಿತು. ನೀರೆತ್ತದೆ ಇದ್ದರೂ ಹಣ ಬರುತ್ತದೆ ಎಂಬ ವಿಚಾರ ಮುಖ್ಯವಾದದ್ದು, ಅನುಷ್ಠಾನದ ಏರುಪೇರುಗಳು ಏನೇ ಇರಲಿ. ಆಂಧ್ರದಲ್ಲಿ 2003ರ ನಂತರ, ನಮ್ಮ ಗಡಿಗೆ ಹೊಂದಿದ ಅನಂತಪುರ, ಚಿತ್ತೂರು ಸೇರಿ ಏಳು ಬರಪೀಡಿತ ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಮಳೆ ಮತ್ತು ಬಾವಿಮಟ್ಟ ಅಳೆದು ಊರಿನ ಗೋಡೆಯ ಮೇಲೆ ಬರೆಯುವ ಪದ್ಧತಿ ನಡೆಯಿತು. ಹಿಂಗಾರಿಗೆ ಮುನ್ನ ಕೂಡಿ ಕುಳಿತು, ಇರುವ ನೀರಿಗೆ ಯಾವ ಬೆಳೆ ಎಂದು ಲೆಕ್ಕ ಹಾಕುತ್ತಿದ್ದರು. ಯಾರಿಗೂ ನಿರ್ಬಂಧವಿರಲಿಲ್ಲ, ಅಂಕಿ ಮಾತ್ರ ಎಲ್ಲರ ಕಣ್ಣ ಮುಂದಿರುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಏಳು ರಾಜ್ಯಗಳಿಗೆಂದು ಘೋಷಣೆಯಾದ 6,000 ಕೋಟಿ ರೂಪಾಯಿಯ ಅಟಲ್ ಭೂಜಲ ಯೋಜನೆಯೂ ಇದೇ ಗ್ರಾಮಮಟ್ಟದ ನೀರಿನ ಬಜೆಟ್ಟನ್ನು ಆಧರಿಸಿತ್ತು; ಕರ್ನಾಟಕವೂ ಅದರಲ್ಲಿತ್ತು.

ಮನೆಮಟ್ಟದ ಅಳತೆ

ದುಬಾರಿ ಮಾಪಕಕ್ಕೆ ಕಾಯದೆ ಕೊಳವೆಬಾವಿಯ ಮಟ್ಟ ಅಳೆಯುವ ಉಪಾಯವೊಂದಿದೆ. ಪಂಪು ಇಳಿಸುವಾಗಲೇ ಪೈಪಿನ ಜೊತೆಗೆ ಸಣ್ಣ ಪ್ಲಾಸ್ಟಿಕ್ ನಳಿಕೆಯೊಂದನ್ನು ಕಟ್ಟಿ ಇಳಿಸಬೇಕು. ಅದರ ಉದ್ದ ಬರೆದಿಡಬೇಕು. ಮೇಲಿನ ತುದಿಗೆ ಒತ್ತಡದ ಮೀಟರ್ ಜೋಡಿಸಿ ಸೈಕಲ್ ಪಂಪಿನಿಂದ ಗಾಳಿ ಹಾಕುತ್ತ ಹೋದರೆ, ನಳಿಕೆಯೊಳಗಿನ ನೀರೆಲ್ಲ ಹೊರಬಿದ್ದ ಮೇಲೆ ಮುಳ್ಳು ಮೇಲೇರುವುದು ನಿಲ್ಲುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಎಂದರೆ 10 ಮೀಟರ್, ಅಂದರೆ ಸುಮಾರು 33 ಅಡಿ ನೀರು. 300 ಅಡಿಯ ನಳಿಕೆಯಲ್ಲಿ ಮುಳ್ಳು ಮೂರರಲ್ಲಿ ನಿಂತರೆ ನಳಿಕೆಯ ತುದಿಯ ಮೇಲೆ ಸುಮಾರು 100 ಅಡಿ ನೀರಿದೆ, ನೀರಿನ ಮಟ್ಟ 200 ಅಡಿಯಲ್ಲಿದೆ ಎಂದರ್ಥ. ಬೆಳಿಗ್ಗೆ ಪಂಪು ಹಾಕುವ ಮೊದಲೊಮ್ಮೆ, ಓಡಿ ಒಂದು ಗಂಟೆಯಾದ ಮೇಲೊಮ್ಮೆ, ನಿಲ್ಲಿಸಿದ ಮೇಲೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಅಳೆದರೆ ತೈಲ ಎಂಜಿನಿಯರಿನ ಮೂರು ಪ್ರಶ್ನೆಗೂ ಉತ್ತರ ಸಿಕ್ಕಿತು. ಹೊರಬರುವ ನೀರಿಗೆ 20 ಲೀಟರಿನ ಬಕೆಟ್ ಸಾಕು: ಹತ್ತು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್, ಇಪ್ಪತ್ತು ಸೆಕೆಂಡ್ ಹಿಡಿದರೆ 1 ಲೀಟರ್. ಡ್ರೈ ರನ್ ರಿಲೇಯ ವಿರಾಮದ ಅವಧಿಯನ್ನೂ, ಮುಂದಿನ ಬಾರಿ ಇಳಿಸಬೇಕಾದ ಪಂಪಿನ ಗಾತ್ರವನ್ನೂ ಈ ಅಂಕಿಗಳಿಂದಲೇ ನಿಗದಿ ಮಾಡಬೇಕು. ಅಳತೆಯನ್ನು ಬೇಸಿಗೆಯ ಕೊನೆಯಲ್ಲೊಮ್ಮೆ, ಮಳೆಗಾಲ ಮುಗಿದ ನವೆಂಬರ್‌ನಲ್ಲೊಮ್ಮೆ ತೆಗೆಯುವುದು ವಾಡಿಕೆ.